ಮಗನ ಉಗ್ಗು, ಶಾಲೆಯ ನಾಟಕ: ಏನು ಮಾಡಲಿ?

ಹಾಸನದ ಅಮ್ಮ, ನೋವೈ: ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ಮಿಷಿಗನ್‌ಗೆ ಬಂದು ಒಂದೂವರೆ ವರ್ಷ ಆಯಿತು. ಮಗನಿಗೆ 10 ವರ್ಷ. ಇಲ್ಲಿಗೆ ಬಂದ ಮೇಲೆ ಮಾತು ಉಗ್ಗುತ್ತಿದೆ. 'ಮ' ಬಂದರೆ ಸಾಕು, ತುಟಿ ಒತ್ತಿಕೊಂಡು ನಿಂತುಬಿಡುತ್ತಾನೆ, ಕಣ್ಣಲ್ಲಿ ನೀರು. ಈಗ ಶಾಲೆಯ ನಾಟಕಕ್ಕೆ ತಾನೇ ಹೆಸರು ಕೊಟ್ಟು ಬಂದಿದ್ದಾನೆ. ಮೂರೇ ಸಾಲು. ನೋಡುವವರು ನಕ್ಕುಬಿಟ್ಟರೆ? ಬಿಡಿಸಲಾ? ಮನೆಯಲ್ಲಿ ಕನ್ನಡ ನಿಲ್ಲಿಸಿದರೆ ಸರಿಹೋಗುತ್ತದೆ ಅಂತ ನಾದಿನಿ ಹೇಳುತ್ತಾಳೆ, ನಿಜವಾ?

ಟ್ರಾಯ್ ಅಂಕಲ್: ಬಿಡಿಸಿ. ಕನ್ನಡವನ್ನೂ ಸದ್ಯಕ್ಕೆ ಬಿಡಿ. 26 ವರ್ಷದಿಂದ ಇಲ್ಲಿದ್ದೀನಿ, ಎರಡು ದೋಣಿಯ ಮೇಲೆ ಕಾಲಿಟ್ಟ ಮಕ್ಕಳನ್ನು ಬೇಕಾದಷ್ಟು ನೋಡಿದ್ದೀನಿ. ಗಣಿತ ಗಟ್ಟಿ ಮಾಡಿ, ಅದಕ್ಕೆ ಮಾತು ಬೇಕಿಲ್ಲ.

ಆನ್ ಆರ್ಬರ್‌ನಿಂದ: ಬಿಡಿಸಬೇಡಿ ಮೇಡಂ. ಅಮೆರಿಕದ ನಟ ಜೇಮ್ಸ್ ಅರ್ಲ್ ಜೋನ್ಸ್ ಗೊತ್ತಲ್ವಾ? 'ಸ್ಟಾರ್ ವಾರ್ಸ್' ಸಿನಿಮಾದ ಖಳನಾಯಕ ಡಾರ್ತ್ ವೇಡರ್ ದನಿ, 'ಲಯನ್ ಕಿಂಗ್'ನ ಸಿಂಹರಾಜ ಮುಫಾಸಾ ದನಿ. 1931ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿದವರು. ಅಜ್ಜ ಅಜ್ಜಿ ಚಿಕ್ಕಂದಿನಲ್ಲೇ ನಮ್ಮ ಮಿಷಿಗನ್ನಿನ ಹೊಲಮನೆಗೆ ಕರೆತಂದರು. ಊರು ಬದಲಾಗಿದ್ದೇ ಉಗ್ಗು ಹಿಡಿಯಿತು. ಸುಮಾರು ಎಂಟು ವರ್ಷ ಶಾಲೆಯಲ್ಲಿ ಬಾಯಿಯೇ ಬಿಡಲಿಲ್ಲ. ಮನೆಯವರ ಜೊತೆ, ದನಕರುಗಳ ಜೊತೆ ಮಾತ್ರ ಮಾತು. ಒಮ್ಮೆ ಒಂದು ಪದ್ಯ ಬರೆದುಕೊಟ್ಟರು. ಹೈಸ್ಕೂಲ್ ಮೇಷ್ಟ್ರು ಡೊನಾಲ್ಡ್ ಕ್ರೌಚ್, ಇದು ನಿನ್ನದೇ ಆಗಿದ್ದರೆ ಕ್ಲಾಸಿನ ಮುಂದೆ ನಿಂತು ಬಾಯಿಪಾಠ ಹೇಳು ಅಂದರು. ಒಂದೂ ಉಗ್ಗದೆ ಹೇಳಿ ಮುಗಿಸಿದರು. 1969ರಲ್ಲಿ ನಾಟಕವೊಂದರ ಬಾಕ್ಸರ್ ಪಾತ್ರಕ್ಕೆ ಟೋನಿ, ಅಂದರೆ ಇಲ್ಲಿನ ರಂಗಭೂಮಿಯ ದೊಡ್ಡ ಪ್ರಶಸ್ತಿ. ಅದೇ ಪಾತ್ರ ಸಿನಿಮಾಗೆ ಬಂದಾಗ ಆಸ್ಕರ್ ನಾಮನಿರ್ದೇಶನ.

ಸನಿವೇಲ್ ಅತ್ತೆ: ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸಿ. ನಮ್ಮ ಮನೆಯಲ್ಲಿ ಮೂರು ತಲೆಮಾರು ಹಾಗೇ ಮಾಡಿದ್ದು. ನನ್ನ ಮೊಮ್ಮಗಳು ಈಗ ಡಿಬೇಟ್‌ನಲ್ಲಿ ಫಸ್ಟ್.

ಷಿಕಾಗೋ, ಸ್ಪೀಚ್ ಥೆರಪಿಸ್ಟ್: ನಾನು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ್ದು. ಎರಡು ಭಾಷೆಯಿಂದ ಉಗ್ಗು ಬರುವುದಿಲ್ಲ, ಕನ್ನಡ ನಿಲ್ಲಿಸಬೇಡಿ. ಪಬ್ಲಿಕ್ ಸ್ಕೂಲ್ ಆದರೆ, ಮಗುವಿನ ಮಾತನ್ನು ಪರೀಕ್ಷಿಸಿ ಅಂತ ಶಾಲೆಗೆ ಲಿಖಿತ ಪತ್ರ ಕೊಡಿ. ದುಡ್ಡು ಕೊಡಬೇಕಿಲ್ಲ. ಅವನ ವಾಕ್ಯವನ್ನು ನೀವು ಮುಗಿಸಬೇಡಿ, ಕಾಯಿರಿ. ಬಜೆ ಬೇಡ.

ಟ್ರಾಯ್ ಅಂಕಲ್: ಲಕ್ಷಕ್ಕೆ ಒಬ್ಬ ಜೋನ್ಸ್. ಆತ ಮಿಷಿಗನ್ ಯೂನಿವರ್ಸಿಟಿಗೆ ಸೇರಿದ್ದು ಡಾಕ್ಟರ್ ಆಗಬೇಕು ಅಂತ. ಬಿಟ್ಟು ನಾಟಕಕ್ಕೆ ಹೋಗಿ, ನ್ಯೂಯಾರ್ಕ್‌ನಲ್ಲಿ ಕಸ ಗುಡಿಸಿ ಹೊಟ್ಟೆ ಹೊರೆದರು. 1977ರಲ್ಲಿ ವೇಡರ್ ದನಿಗೆ ಸಿಕ್ಕಿದ್ದು ಬರೀ 7,000 ಡಾಲರ್! ಅದೂ ತೆರೆಯ ಮೇಲೆ ಹೆಸರಿಲ್ಲದೆ.

ಆನ್ ಆರ್ಬರ್‌ನಿಂದ: ಹೆಸರು ಬೇಡ ಅಂದವರು ಅವರೇ ಸರ್. ಕೇಳಿದ್ದು ಮೂರು ಸಾಲಿನ ಪಾತ್ರ, ನೀವು ಆಗಲೇ ಸಂಬಳದ ಲೆಕ್ಕಕ್ಕೆ ಇಳಿದಿದ್ದೀರಿ. 1987ರಲ್ಲಿ 'ಫೆನ್ಸಸ್' ನಾಟಕಕ್ಕೆ ಅವರಿಗೆ ಎರಡನೇ ಟೋನಿ ಬಂತು. ಅದರಲ್ಲಿ ಕಸದ ಗಾಡಿ ಕೆಲಸದ ಅಪ್ಪ, ಮಗನ ಫುಟ್‌ಬಾಲ್ ಆಸೆಗೆ ಅಡ್ಡ ನಿಲ್ಲುತ್ತಾನೆ. ತನಗೆ ಸಿಗದ ಅವಕಾಶ ಮಗನಿಗೂ ಸಿಗುವುದಿಲ್ಲ ಅಂತ ಅವನ ಹಟ. ಆ ಅಪ್ಪನ ಹೆಸರೂ ಟ್ರಾಯ್ 😄

ನ್ಯೂಜೆರ್ಸಿಯಿಂದ: ನಾವು ಕನ್ನಡ ನಿಲ್ಲಿಸಿದವರು. ಮಗನಿಗೆ ಈಗ 24. ಊರಿಗೆ ಹೋದಾಗ ಅಜ್ಜಿ ಅವನ ಕೈ ಹಿಡಿದುಕೊಂಡು ಕೂತಿರುತ್ತಾರೆ, ಅಷ್ಟೇ. 'ಊಟ ಆಯ್ತಾ' ಆದ ಮೇಲೆ ಇಬ್ಬರಿಗೂ ಮಾತಿಲ್ಲ. ಅವನಿಗೆ ಉಗ್ಗು ಹೋಗಲೂ ಇಲ್ಲ. ಮೊನ್ನೆ ಮ್ಯಾನ್‌ಹ್ಯಾಟನ್‌ನ 48ನೇ ಬೀದಿಯಲ್ಲಿ ಜೋನ್ಸ್ ಹೆಸರಿನ ಥಿಯೇಟರ್ ಮುಂದೆ ಹಾದು ಹೋದೆವು, 2022ರಲ್ಲಿ ಆ ಹೆಸರಿಟ್ಟರಂತೆ. ಮಗನೇ ನಿಂತು ಫೋಟೋ ತೆಗೆದುಕೊಂಡ. ನನಗೆ ಏನೂ ಕೇಳಲು ಬಾಯಿ ಬರಲಿಲ್ಲ.

ಹಾಸನದ ಅಮ್ಮ, ನೋವೈ: ಎಲ್ಲರಿಗೂ ಥ್ಯಾಂಕ್ಸ್. ಆ ಪತ್ರ ಕ್ಲಾಸ್ ಟೀಚರ್‌ಗೆ ಕೊಡಬೇಕಾ, ಪ್ರಿನ್ಸಿಪಾಲರಿಗಾ?

ಟ್ರಾಯ್ ಅಂಕಲ್: ನಾಟಕದ ಅಪ್ಪನಿಗೂ ನನಗೂ ಏನು ಸಂಬಂಧ ರೀ? ನನ್ನ ಇಬ್ಬರು ಮಕ್ಕಳೂ ಇವತ್ತು ಸರ್ಜನ್‌ಗಳು.

ಸನಿವೇಲ್ ಅತ್ತೆ: ಬಜೆ ಇಂಡಿಯನ್ ಸ್ಟೋರ್‌ನಲ್ಲೇ ಸಿಗುತ್ತದಮ್ಮ.