ಈ ವಾರದ ಪ್ರಶ್ನೋತ್ತರ: ಮನಸ್ಸು, ಭಯ, ನಡವಳಿಕೆ

ಹೊಸಬ: ಮೇಡಂ, ನಾವು ಮಿದುಳಿನ ಶೇ 10 ಭಾಗ ಮಾತ್ರ ಬಳಸ್ತೀವಂತೆ. ಉಳಿದಿದ್ದನ್ನ ಎಬ್ಬಿಸೋಕೆ ಅಭ್ಯಾಸ ಏನಾದ್ರೂ ಇದೆಯಾ?

ಮನಶ್ಶಾಸ್ತ್ರಜ್ಞೆ: ಇಲ್ಲ. ಮಲಗಿರೋ ಭಾಗವೇ ಇಲ್ಲ. ಮಿದುಳು ನಮ್ಮ ತೂಕದಲ್ಲಿ ಸುಮಾರು ಶೇ 2 ಇದ್ದು, ದೇಹದ ಶಕ್ತಿಯಲ್ಲಿ ಸುಮಾರು ಶೇ 20 ತಿನ್ನುತ್ತೆ. ಬಳಸದೇ ಇರೋದಕ್ಕೆ ದೇಹ ಅಷ್ಟು ಖರ್ಚು ಮಾಡಲ್ಲ.

ನೀಲಿ: ಚಿಕ್ಕಂದಿನ ಒಂದೇ ಘಟನೆ ನನಗೊಂದು ಥರ, ಅಕ್ಕನಿಗೆ ಇನ್ನೊಂದು ಥರ ನೆನಪಿದೆ. ಯಾರು ಸುಳ್ಳು ಹೇಳ್ತಿರೋದು?

ಮನಶ್ಶಾಸ್ತ್ರಜ್ಞೆ: ಇಬ್ಬರೂ ಸುಳ್ಳು ಹೇಳ್ತಿರಲಿಕ್ಕಿಲ್ಲ. ಪ್ರತಿ ಸಲ ನೆನೆಸಿಕೊಂಡಾಗಲೂ ನೆನಪನ್ನ ಹೊಸದಾಗಿ ಕಟ್ಟಿಕೊಳ್ತೀವಿ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನೋ ಮನಶ್ಶಾಸ್ತ್ರಜ್ಞರು ಜನರಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿ ಪ್ರಶ್ನೆ ಕೇಳಿದ್ರು. ಕಾರುಗಳು 'ತಾಗಿದಾಗ' ವೇಗ ಎಷ್ಟಿತ್ತು ಅಂತ ಕೇಳಿಸಿಕೊಂಡವರಿಗಿಂತ 'ಅಪ್ಪಳಿಸಿದಾಗ' ಅಂತ ಕೇಳಿಸಿಕೊಂಡವರು ಹೆಚ್ಚು ವೇಗ ಹೇಳಿದ್ರು. ವಾರದ ನಂತರ, ಒಡೆದ ಗಾಜು ಕಂಡಿದ್ವಿ ಅಂದವರೂ ಅವರಲ್ಲೇ ಜಾಸ್ತಿ. ಫಿಲ್ಮ್‌ನಲ್ಲಿ ಒಡೆದ ಗಾಜೇ ಇರಲಿಲ್ಲ.

ಪುಟ್ಟನಮ್ಮ: ಮೇಡಂ, ನನ್ನ ಮಗನಿಗೆ ಏಳು ವರ್ಷ. ಒಂದು ನಾಯಿ ಅಟ್ಟಿಸಿಕೊಂಡು ಬಂತು, ಕಚ್ಚಲಿಲ್ಲ, ಓಡೋವಾಗ ಬಿದ್ದ. ಆಮೇಲಿಂದ ದೂರದಲ್ಲಿ ನಾಯಿ ಕಂಡ್ರೂ ನನ್ನ ಸೆರಗು ಹಿಡಿದು ಗೋಳಾಡ್ತಾನೆ. ಎತ್ತಿಕೊಂಡು ಮನೆಗೆ ತಿರುಗಿದ್ರೆ ತಕ್ಷಣ ಸುಮ್ಮನಾಗ್ತಾನೆ. ಈಗ ಟಿವಿಯಲ್ಲಿ ಬೊಗಳಿದ್ರೂ ಕಿವಿ ಮುಚ್ಚಿಕೊಳ್ತಾನೆ, ಈ ವಾರ ಶಾಲೆಗೂ ಹೋಗಿಲ್ಲ. ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ಮೆಸೇಜ್ ಬಂದಿದೆ: ಮಗುವನ್ನ ನಾಯಿ ಜೊತೆ ಕೋಣೆಯಲ್ಲಿ ಕೂಡಿಹಾಕಿದ್ರೆ ಒಂದೇ ದಿನದಲ್ಲಿ ಭಯ ಬಿಡುತ್ತಂತೆ. ಮಾಡಬಹುದಾ?

ಮನಶ್ಶಾಸ್ತ್ರಜ್ಞೆ: ಖಂಡಿತ ಮಾಡಬೇಡಿ. ಆ ಮೆಸೇಜ್ ಬರೆದವರು ಹೆದರಿದ ಮಗುವನ್ನ ನೋಡಿಯೇ ಇಲ್ಲ. ಮಗು ಕಿರುಚಿದ್ರೆ ನಾಯಿಯೂ ಹೆದರಿ ಕಚ್ಚಬಹುದು. ಬೀಗ ಹಾಕಿದ ಅಮ್ಮನ ಮೇಲೂ ಮಗುವಿಗೆ ನಂಬಿಕೆ ಹೋಗಬಹುದು.

ಭಯ ಕಲಿತದ್ದು ಅನ್ನೋದು ಹಳೆಯ ವಿಷಯ. 1920ರಲ್ಲಿ ವಾಟ್ಸನ್ ಮತ್ತು ರೇನರ್ ಅನ್ನೋ ಮನಶ್ಶಾಸ್ತ್ರಜ್ಞರು, ಹನ್ನೊಂದು ತಿಂಗಳ ಆಲ್ಬರ್ಟ್ ಅನ್ನೋ ಕೂಸು ಬಿಳಿ ಇಲಿ ಮುಟ್ಟಲು ಹೋದಾಗೆಲ್ಲ ಅವನ ಬೆನ್ನ ಹಿಂದೆ ಉಕ್ಕಿನ ಸಲಾಕೆಗೆ ಸುತ್ತಿಗೆಯಿಂದ ಬಡಿದು ಜೋರು ಸದ್ದು ಮಾಡಿದರು. ಸ್ವಲ್ಪದರಲ್ಲೇ ಇಲಿ ಕಂಡ್ರೆ ಅಳು, ಆಮೇಲೆ ಮೊಲ, ನಾಯಿ, ತುಪ್ಪಳದ ಕೋಟು ಕಂಡ್ರೂ ಅಳು. ಇವತ್ತು ಅಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡಲ್ಲ. ನಿಮ್ಮ ಮಗನ ಭಯ ಟಿವಿ ಸದ್ದಿಗೂ ಹರಡಿರೋದು ಇದೇ ದಾರಿಯಲ್ಲಿ.

ನನಗೆ ಚಿಂತೆ ಹುಟ್ಟಿಸಿದ್ದು ನೀವು ಬರೆದ 'ತಕ್ಷಣ ಸುಮ್ಮನಾಗ್ತಾನೆ' ಅನ್ನೋ ಮಾತು. ಮನೆಗೆ ತಿರುಗಿದ ಕೂಡಲೇ ಅವನ ಎದೆಬಡಿತ ಇಳಿಯುತ್ತೆ, ನಿಮಗೂ ಸಮಾಧಾನ. ತಪ್ಪಿಸಿಕೊಂಡದ್ದರಿಂದಲೇ ಬಚಾವಾದೆ ಅಂತ ಮನಸ್ಸು ಪಾಠ ಕಲಿಯುತ್ತೆ, ನಾಳೆ ಇನ್ನೂ ಬೇಗ ತಪ್ಪಿಸಿಕೊಳ್ಳುತ್ತೆ. ಬೀದಿಯಲ್ಲಿ ಶುರುವಾದ ತಪ್ಪಿಸಿಕೊಳ್ಳೋದು ಈಗ ಶಾಲೆಗೂ ಬಂದಿದೆ.

ಬಿಡಿಸೋ ದಾರಿಯೂ ಗೊತ್ತಿದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಅನ್ನೋ ಮನಶ್ಶಾಸ್ತ್ರಜ್ಞೆ, ಮೊಲಕ್ಕೆ ಹೆದರ್ತಿದ್ದ ಪೀಟರ್ ಅನ್ನೋ ಪುಟ್ಟ ಹುಡುಗ ತನಗಿಷ್ಟದ್ದನ್ನ ತಿನ್ನುತ್ತಾ ಕೂತಿರುವಾಗ ಪಂಜರದ ಮೊಲವನ್ನ ದೂರದಲ್ಲಿಟ್ಟು, ದಿನದಿಂದ ದಿನಕ್ಕೆ ಹತ್ತಿರ ತಂದ್ರು. ಕೊನೆಗೆ ಮೊಲ ತನ್ನ ಬೆರಳು ಮೆಲ್ಲಲು ಬಿಡೋವಷ್ಟು ಆ ಹುಡುಗ ಸುಧಾರಿಸಿದ.

ನೀವೂ ನಾಯಿಯ ಚಿತ್ರದಿಂದ ಶುರುಮಾಡಿ. ಆಮೇಲೆ ಮೊಬೈಲಲ್ಲಿ ಸಣ್ಣಗೆ ಬೊಗಳೋ ಸದ್ದು, ಆಮೇಲೆ ಗೇಟಿನಾಚೆ ದೂರದಲ್ಲಿ ಕಟ್ಟಿರೋ ಸಾಧು ನಾಯಿ. ಪ್ರತಿ ಹಂತದಲ್ಲೂ ಭಯ ಇಳಿಯೋವರೆಗೆ ಅಲ್ಲೇ ನಿಲ್ಲಿ. ಮುಂದಿನ ಹೆಜ್ಜೆ ಯಾವಾಗ ಅಂತ ಅವನೇ ಹೇಳಲಿ. ಶಾಲೆ ಬಿಟ್ಟಿರೋದರಿಂದ ಮಕ್ಕಳ ಮನಶ್ಶಾಸ್ತ್ರಜ್ಞರನ್ನ ಈ ವಾರವೇ ಕಾಣಿ, ಒಬ್ಬರೇ ಹೆಣಗಬೇಡಿ.

ಗುಬ್ಬಚ್ಚಿ: ಬೀಳೋ ಕನಸು ಪದೇ ಪದೇ ಬರುತ್ತೆ. ಅರ್ಥ ಏನು ಮೇಡಂ?

ನಿವೃತ್ತ ಮೇಷ್ಟ್ರು: ನಮ್ಮ ಕಾಲದಲ್ಲಿ ಎರಡೇಟು ಬಿಟ್ರೆ ಶಾಲೆಗೆ ಓಡ್ತಿದ್ವು. ಮುದ್ದು ಮಾಡಿಯೇ ಮಕ್ಕಳು ಹಾಳಾಗ್ತಿರೋದು.

ನೀಲಿ: ಸಾರ್, ಹೆದರಿದ ಮಗುವಿಗೆ ಹೊಡೆದ್ರೆ ಹೆದರೋಕೆ ಇನ್ನೊಂದು ಕಾರಣ ಕೊಟ್ಟಂಗೆ.

ನಿವೃತ್ತ ಮೇಷ್ಟ್ರು: ನಾಲ್ಕು ಪುಸ್ತಕ ಓದಿದವರು ನನಗೆ ಹೇಳಿಕೊಡೋದು ಬೇಡಮ್ಮ. ಸಾವಿರಾರು ಮಕ್ಕಳನ್ನ ತಿದ್ದಿದ್ದೀನಿ.

ನೀಲಿ: ತಿದ್ದಿದ್ರೋ, ಬಾಯಿ ಮುಚ್ಚಿಸಿದ್ರೋ? ನಿಮ್ಮಂಥವರ ಕೈಕೆಳಗೆ ನಾನೂ ಓದಿದ್ದೀನಿ.

ಓದುಗ: ಇಬ್ಬರೂ ವೈಯಕ್ತಿಕ ಮಟ್ಟಕ್ಕೆ ಇಳೀಬೇಡಿ.

ನಿವೃತ್ತ ಮೇಷ್ಟ್ರು: ಶುರು ಮಾಡಿದ್ದು ಯಾರು, ಮೇಲೆ ಓದಿ ನೋಡಿ.

ಮನಶ್ಶಾಸ್ತ್ರಜ್ಞೆ: ಮೇಷ್ಟ್ರೇ, ಶಿಕ್ಷೆ ಆ ಕ್ಷಣಕ್ಕೆ ನಡವಳಿಕೆಯನ್ನ ಅದುಮುತ್ತೆ, ಅದಕ್ಕೇ ಕೆಲಸ ಮಾಡಿದಂಗೆ ಕಾಣುತ್ತೆ. ಬದಲಿಗೆ ಏನು ಮಾಡಬೇಕು ಅನ್ನೋದನ್ನ ಅದು ಕಲಿಸಲ್ಲ. ಇಲ್ಲಿ ಯಾರೂ ಹೊಡೆಯೋ ಸಲಹೆ ಕೊಡಬೇಡಿ.

ಕಾಲೇಜು ಹುಡುಗ: ಮೇಡಂ, ಮಿದುಳಿನ ಶೇ 90 ಭಾಗ ಎಬ್ಬಿಸೋ ಆಡಿಯೋ ಸಿಕ್ಕಿದೆ, ಇಲ್ಲಿ ಹಾಕ್ಲಾ?

ಮನಶ್ಶಾಸ್ತ್ರಜ್ಞೆ: ಬೇಡ. ಮೊದಲ ಉತ್ತರ ಓದಿ.

ಓದುಗ: ಎಡ ಮಿದುಳಿನವರು ಲೆಕ್ಕದಲ್ಲಿ, ಬಲ ಮಿದುಳಿನವರು ಕಲೆಯಲ್ಲಿ ಜಾಣರು ಅನ್ನೋದಾದ್ರೂ ನಿಜ ತಾನೇ? ಅದಕ್ಕೆ ನೊಬೆಲ್ ಬಂದಿದೆ.

ಮನಶ್ಶಾಸ್ತ್ರಜ್ಞೆ: 1981ರಲ್ಲಿ ರೋಜರ್ ಸ್ಪೆರ್ರಿಗೆ ನೊಬೆಲ್ ಬಂದಿದ್ದು ಮಿದುಳಿನ ಎಡ, ಬಲ ಅರ್ಧಗಳ ಬೇರೆ ಬೇರೆ ಕೆಲಸಗಳನ್ನ ತೋರಿಸಿದ್ದಕ್ಕೆ. ಜನರನ್ನ ಎರಡು ಜಾತಿ ಮಾಡಿದ್ದಕ್ಕಲ್ಲ. ಫಾರ್ವರ್ಡ್ ಮಾಡೋದನ್ನ ನಿಲ್ಲಿಸಿ, ದಯವಿಟ್ಟು.

ಓದುಗ: ಕೇಳಿದ್ದಕ್ಕೆ ಇಷ್ಟು ಕೋಪ ಯಾಕೆ?

ಗುಬ್ಬಚ್ಚಿ: ನನ್ನ ಕನಸಿನ ಪ್ರಶ್ನೆ ಯಾರಿಗೂ ಕಾಣ್ತಿಲ್ವಾ?

ಪುಟ್ಟನಮ್ಮ: ಮೇಡಂ, ಚಿತ್ರ ತೋರಿಸಿದೆ. ಮೊದಲು ಮುಖ ತಿರುಗಿಸಿದ, ಆಮೇಲೆ ಬಾಲಕ್ಕೆ ಬಣ್ಣ ಹಚ್ಚಿದ. ಇವತ್ತೇ ಸದ್ದೂ ಕೇಳಿಸಲಾ?

ಮನಶ್ಶಾಸ್ತ್ರಜ್ಞೆ: ಇವತ್ತು ಬೇಡ. ನಾಳೆಯೂ ಚಿತ್ರವೇ ಇರಲಿ, ಅವನಾಗಿ ಕೇಳಿದ್ರೆ ಇನ್ನೊಂದು ಕೊಡಿ. ಮಧ್ಯೆ ಯಾವತ್ತಾದ್ರೂ ಭಯ ಮರುಕಳಿಸಿದ್ರೆ ಗಾಬರಿ ಬೀಳಬೇಡಿ, ಆರಿಹೋದ ಪ್ರತಿಕ್ರಿಯೆ ಬಿಡುವಿನ ನಂತರ ಮತ್ತೆ ತಲೆ ಎತ್ತೋದನ್ನ ರಷ್ಯಾದ ವಿಜ್ಞಾನಿ ಪಾವ್ಲೋವ್ ತನ್ನ ಪ್ರಯೋಗದ ನಾಯಿಗಳಲ್ಲೇ ಕಂಡಿದ್ದ. ಒಂದು ಹಂತ ಹಿಂದೆ ಹೋಗಿ ಅಲ್ಲಿಂದ ಮುಂದುವರಿಸಿ. ಮಕ್ಕಳ ಮನಶ್ಶಾಸ್ತ್ರಜ್ಞರ ಭೇಟಿ ಮಾತ್ರ ಮುಂದೂಡಬೇಡಿ.