ಸಹಾಯ ಬೇಕು: ವಿದೇಶದಲ್ಲಿ ಪೊಲೀಸರು ಸುಮ್ನೆ ದುಡ್ಡು ಕೇಳಿದರೆ ಏನು ಮಾಡುವುದು?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮತ್ತೆ ಒಬ್ಬನೇ ವಿದೇಶಕ್ಕೆ ಹೊರಟಿದ್ದೇನೆ. ಹೋದ ಸಲ ಆಗಿದ್ದು ಇನ್ನೂ ತಲೆಯಿಂದ ಹೋಗಿಲ್ಲ. ರಾತ್ರಿ ಬಸ್ ನಿಲ್ದಾಣದ ಹೊರಗೆ ಯೂನಿಫಾರ್ಮ್ ಹಾಕಿದ್ದ ಇಬ್ಬರು ನಿಲ್ಲಿಸಿದರು. ಪಾಸ್‌ಪೋರ್ಟ್ ಕೇಳಿದರು, ಕೊಟ್ಟೆ. ಅದೇ ತಪ್ಪಾಯ್ತು. ಒಬ್ಬ ಅದನ್ನು ಜೇಬಿಗೆ ಹಾಕಿಕೊಂಡು, "ವೀಸಾ ಸರಿಯಿಲ್ಲ, ದಂಡ ಕಟ್ಟು" ಎಂದ. ವೀಸಾ ಸರಿಯಾಗೇ ಇತ್ತು. ರಸೀದಿ ಕೇಳಿದ್ದಕ್ಕೆ ನಕ್ಕ. ಕೊನೆಗೆ ಪರ್ಸ್‌ನಲ್ಲಿದ್ದಷ್ಟನ್ನೂ ಕೊಟ್ಟು ಬಂದೆ. ಅವರು ನಿಜವಾದ ಪೊಲೀಸರೋ, ವೇಷ ಹಾಕಿದವರೋ, ದೇವರೇ ಬಲ್ಲ.

ಈ ಸಲ ಪಾಸ್‌ಪೋರ್ಟ್ ಜೆರಾಕ್ಸ್, ರಾಯಭಾರ ಕಚೇರಿಯ ತುರ್ತು ನಂಬರ್, ಇನ್ನೊಂದು ಪರ್ಸ್‌ನಲ್ಲಿ ಸ್ವಲ್ಪವೇ ದುಡ್ಡು ಇಟ್ಟುಕೊಳ್ಳುತ್ತೇನೆ. ಬಂಧಿಸಿದರೆ ನಮ್ಮ ದೇಶದ ರಾಯಭಾರ ಕಚೇರಿಗೆ ತಿಳಿಸಿ ಎಂದು ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಲ್ಲಿದೆ. ಆದರೆ ಇವರು ಬಂಧಿಸುವುದೇ ಇಲ್ವಲ್ಲ! ಕತ್ತಲಲ್ಲಿ ನಿಲ್ಲಿಸಿ ಹೆದರಿಸುತ್ತಾರೆ, ಅಷ್ಟೇ.

ಇಂಥದ್ದನ್ನು ಎದುರಿಸಿದವರು ದಯವಿಟ್ಟು ಹೇಳಿ. ಪಾಸ್‌ಪೋರ್ಟ್ ಕೈಗೆ ಕೊಡದೆ ಬರೀ ತೋರಿಸಿದರೆ ಒಪ್ಪುತ್ತಾರಾ? "ಠಾಣೆಗೇ ಬರುತ್ತೇನೆ, ಅಲ್ಲೇ ರಸೀದಿ ತಗೊಂಡು ಕಟ್ಟುತ್ತೇನೆ" ಎಂದರೆ ಬಿಡುತ್ತಾರಾ, ಇಲ್ಲ ಇನ್ನೂ ಜಾಸ್ತಿ ಕಾಡುತ್ತಾರಾ? ಎದುರಿಗೇ ವಿಡಿಯೋ ಮಾಡುವಷ್ಟು ಧೈರ್ಯವಂತೂ ನನಗಿಲ್ಲ.