ಅಮ್ಮನಿಗೆ ಸ್ತನ ಕ್ಯಾನ್ಸರ್: ಹೇಗೆ ಧೈರ್ಯ ತುಂಬಲಿ?

ಪ್ರಶ್ನೆ (ಹಾಸನದಿಂದ):
ನನ್ನ ಅಮ್ಮನ ಎಡಸ್ತನದ ಗಂಟಿನ ಬಯಾಪ್ಸಿ ವರದಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆ. ಅಂದಿನಿಂದ ಅವರು ಸರಿಯಾಗಿ ಊಟ ಮಾಡುತ್ತಿಲ್ಲ, ನೆಂಟರಿಗೆ ತಿಳಿಸಬೇಡವೆಂದು ಪದೇ ಪದೇ ಹೇಳುತ್ತಾರೆ. ಚಿಕಿತ್ಸೆಯ ಖರ್ಚನ್ನೂ ಅವರ ಮನಸ್ಸನ್ನೂ ನಿಭಾಯಿಸುವುದು ಹೇಗೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಬಯಾಪ್ಸಿಯ ಜೊತೆಗೆ, ಕ್ಯಾನ್ಸರ್ ಯಾವ ಬಗೆಯದೆಂದು ತಿಳಿಸುವ ಇಆರ್, ಪಿಆರ್, ಹರ್‌2 ಪರೀಕ್ಷೆಗಳ ಫಲಿತಾಂಶವನ್ನೂ ಕೇಳಿ ಪಡೆಯಿರಿ. ಕಾಯಿಲೆಯ ಹಂತವನ್ನೂ ಇವುಗಳನ್ನೂ ನೋಡಿಯೇ ಶಸ್ತ್ರಚಿಕಿತ್ಸೆ ಮೊದಲೋ ಕೀಮೋ ಮೊದಲೋ, ಹಾರ್ಮೋನ್ ಮಾತ್ರೆ ಬೇಕೋ ಬೇಡವೋ ಎಂದು ವೈದ್ಯರು ನಿರ್ಧರಿಸುತ್ತಾರೆ. ಎಲ್ಲರಿಗೂ ಇಡೀ ಸ್ತನ ತೆಗೆಯಬೇಕಾಗುವುದಿಲ್ಲ, ಇದನ್ನು ಅಮ್ಮನಿಗೆ ತಪ್ಪದೆ ಹೇಳಿ. ಖರ್ಚಿನ ಚಿಂತೆಯಿದ್ದರೆ ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಸಂಸ್ಥೆ ಕಿದ್ವಾಯಿಯಲ್ಲಿ ವಿಚಾರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆಧಾರ್, ರೇಷನ್ ಕಾರ್ಡ್ ಕೊಂಡೊಯ್ಯಿರಿ.

ಉತ್ತರ 2:
ನಾನೂ ಈ ಚಿಕಿತ್ಸೆ ಪಡೆದವಳು, ತಂಗಿ. ಕೂದಲು ಉದುರುವ ಭಯದಲ್ಲಿ ಓಪಿಡಿ ಸಾಲಿನಲ್ಲಿ ಕುಳಿತಿದ್ದಾಗ, ಚಿಕಿತ್ಸೆ ಮುಗಿಸಿದ್ದ ಅಕ್ಕನೊಬ್ಬರು ತಲೆಯ ಮೇಲಿನ ಸೆರಗು ಸರಿಸಿ, ಹೊಸದಾಗಿ ಬಂದ ಗುಂಗುರು ಕೂದಲನ್ನು ಮುಟ್ಟಿ ನೋಡಲು ಹೇಳಿದರು. ನೆಂಟರ ಯಾವ ಸಾಂತ್ವನವೂ ಕೊಡದ ಧೈರ್ಯ ಅದರಿಂದ ಬಂತು. ಗುಣವಾದವರೊಬ್ಬರನ್ನು ಅಮ್ಮನಿಗೆ ಪರಿಚಯಿಸುವಂತೆ ಆಸ್ಪತ್ರೆಯ ಆಪ್ತಸಮಾಲೋಚಕರನ್ನು ಕೇಳಿ. ಕಾಯಿಲೆಯ ವಿಷಯ ಯಾರಿಗೆ, ಯಾವಾಗ ಹೇಳಬೇಕೆಂಬುದನ್ನು ಅಮ್ಮನೇ ತೀರ್ಮಾನಿಸಲಿ. ನಿದ್ದೆ ಬಾರದ ರಾತ್ರಿಗಳಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆ ನಿಮಗೂ ಬೇಕಾದೀತು.